ನವಲಗುಂದದಲ್ಲೇ ಕೂತು ವೆಬ್ ಡಿಸೈನ್

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಚಿತ್ರ ಬಿಡಿಸುವ ಕೈ ಇದ್ದವರಿಗೆ ಮೊದಲ ಗಳಿಕೆ ಸಿಗುವುದು ಬಹುಮಟ್ಟಿಗೆ ಫ್ಲೆಕ್ಸ್ ಅಂಗಡಿಯಲ್ಲಿ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಬೆನ್ನು ಹತ್ತಿ ಲೋಯರ್, ಹೈಯರ್ ಪರೀಕ್ಷೆ ಕಟ್ಟಿಸಿರುತ್ತಾರೆ. ಗಣಪತಿ ಕೂಡಿಸುವಾಗ ಹಿಂದಿನ ಪರದೆ ಬರೆದುಕೊಟ್ಟು ಓಣಿಯೊಳಗೆ ಹೆಸರಾಗಿರುತ್ತದೆ. ಪಿಯುಸಿಗೆ ಬರುವ ಹೊತ್ತಿಗೆ ಬಸ್ ಸ್ಟ್ಯಾಂಡ್ ಬಗಲಿನ ಅಂಗಡಿಯವರು ‘ಸಂಜಿಮುಂದ ಬಂದು ಕುಂಡ್ರು ತಮ್ಮಾ, ಕಲಿಸ್ತೀನಿ’ ಅನ್ನುತ್ತಾರೆ. ಕೋರೆಲ್‌ಡ್ರಾ, ಫೋಟೋಶಾಪ್, ಕನ್ನಡ ಟೈಪಿಸುವ ನುಡಿ ಮೂರೂ ಅಲ್ಲೇ ಒಟ್ಟಿಗೆ ಕೈಹತ್ತುತ್ತವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಊರಿಗೆ ಹೋದರೂ ಈ ಕಥೆ ಹೆಚ್ಚು ಬೇರೆ ಇಲ್ಲ.

ಫ್ಲೆಕ್ಸ್ ಕೆಲಸವನ್ನು ಹಗುರಾಗಿ ಕಾಣುವವರಿದ್ದಾರೆ. ನಾನು ಹಾಗೆ ಕಾಣಲಾರೆ. ಮೂವತ್ತು ಮಾರು ದೂರದಿಂದ ಓದಿಸಿಕೊಳ್ಳಬೇಕಾದರೆ ಅಕ್ಷರ ಎಷ್ಟು ದಪ್ಪ ಇರಬೇಕು, ಯಾರ ಹೆಸರು ಮೇಲೆ ಬರಬೇಕು, ಯಾವ ಬಣ್ಣದ ಮೇಲೆ ಯಾವ ಬಣ್ಣ ಸತ್ತುಹೋಗುತ್ತದೆ ಎಂಬುದನ್ನು ಕಲಿಸುವ ಸಾಲಿ ಅದು. ಲಗ್ನಪತ್ರ ಜೋಡಿಸುವ ಹುಡುಗಿಯನ್ನು ನೋಡಿ. ಮುಹೂರ್ತ, ಸ್ಥಳ, ಬೀಗರ ಹೆಸರು, ಹಿರಿಯರ ಹೆಸರು, ಇಷ್ಟನ್ನೂ ಒಂದು ಸಣ್ಣ ಹಾಳೆಯಲ್ಲಿ ಯಾರಿಗೂ ಬೇಸರವಾಗದ ಕ್ರಮದಲ್ಲಿ ಕೂಡಿಸಬೇಕು. ಓದುವವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಆಮೇಲೆ ಎಲ್ಲಿಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವುದೇ ವೆಬ್ ಡಿಸೈನಿನ ಮೊದಲ ಪಾಠ. ಗಿರಾಕಿ ಬೆನ್ನ ಹಿಂದೆ ನಿಂತು ‘ಇನ್ನೊಂದೀಟು ಕೆಂಪು ಹಾಕ್ರಿ’ ಅನ್ನುವಾಗ ಸಿಟ್ಟಾಗದೆ ಉತ್ತರಿಸುವುದು ಎರಡನೆಯದು. ಅಂಗಡಿ ಅಂಟಿಸುವ ಕೆಟ್ಟ ಚಟವೂ ಒಂದಿದೆ. ಖಾಲಿ ಜಾಗ ಕಂಡಲ್ಲೆಲ್ಲ ಏನಾದರೂ ತುಂಬಬೇಕೆನಿಸುವ ಚಟ ಅದು, ಮುಂದೆ ಬಹಳ ಕಷ್ಟಪಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ಒಂದೇ ಬಗೆಯ ಕೆಲಸ ನಂಬಿ ಕೂತವರ ಎದೆ ಅಂದು ಹೊಡೆದುಕೊಂಡಿತು.

ಇಂಥ ಮಕ್ಕಳು ಮನೆಯಲ್ಲಿ ‘ನಾನು ವೆಬ್ ಡಿಸೈನರ್ ಆಗ್ತೀನಿ’ ಅಂದಾಗ ಅಪ್ಪ ಅವ್ವ ಮೊದಲು ಕೇಳುವುದು ‘ಅದೇನು ಕೆಲಸ? ಪಗಾರ ಯಾರು ಕೊಡ್ತಾರ?’ ಎಂದು. ಕೇಳಬೇಕಾದ ಪ್ರಶ್ನೆಯೇ. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪಿಸಿ, ಪಿಎಸ್ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವ ದಾರಿ ಎಲ್ಲರಿಗೂ ಗೊತ್ತು. ಆ ದಾರಿಯ ಕೊನೆಗೆ ಏನಿದೆ ಎಂಬುದೂ ಗೊತ್ತು. ವೆಬ್ ಡಿಸೈನಿನ ದಾರಿ ಎಲ್ಲಿ ಶುರುವಾಗಿ ಹೇಗೆ ಸಾಗಿ ಸ್ವಂತ ಕೆಲಸಕ್ಕೆ, ಅಂದರೆ ಫ್ರೀಲಾನ್ಸಿಂಗಿಗೆ, ಮುಟ್ಟುತ್ತದೆ ಎಂಬುದನ್ನು ಯಾರೂ ಈ ಮನೆಗಳಿಗೆ ಬಿಡಿಸಿ ಹೇಳಿಲ್ಲ. ಹೇಳಬೇಕೆಂಬ ತುರ್ತು ನನಗಿದೆ. ಯಾಕೆಂದರೆ ಕಲೆಗೆ ಈ ನೆಲದಲ್ಲಿ ಬರ ಬಂದದ್ದೇ ಇಲ್ಲ. ಕಲೆಗೆ ದರ ಕಟ್ಟುವ ವಿದ್ಯೆಗೆ ಮಾತ್ರ ಸದಾ ಬರ.

ಕಸೂತಿಯನ್ನೇ ತೆಗೆದುಕೊಳ್ಳಿ. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲ ಇಳಕಲ್ ಸೀರೆಯ ಮೇಲೆ ಬಂದು ಕೂಡುತ್ತವೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಅಚ್ಚಿಲ್ಲ. ಎಳೆ ಎಣಿಸುವುದೇ ಅಳತೆ. ಗಾವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗವನ್ನು ತುಂಬುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ, ಸೀರೆಯ ಒಳಮಗ್ಗುಲೂ ಹೊರಮಗ್ಗುಲಿನಷ್ಟೇ ಚೊಕ್ಕ ಇರಬೇಕು. ಕಂಪ್ಯೂಟರಿನ ಪರದೆಯೂ ಹೀಗೇ ಎಣಿಕೆಯ ಚೌಕಗಳಿಂದ ನೇಯ್ದ ಬಟ್ಟೆ. ಒಂದು ಗುಂಡಿ ಎಡಕ್ಕೆ ನಾಲ್ಕು ಚೌಕ ಸರಿದರೆ ಇಡೀ ಸಾಲು ಸೊಟ್ಟಗಾಗುತ್ತದೆ. ಹೊರಗೆ ಚಂದ ಕಂಡು ಒಳಗಿನ ಕೋಡ್ ಗಂಟುಗಂಟಾಗಿದ್ದರೆ ಆರು ತಿಂಗಳಲ್ಲಿ ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಅಜ್ಜಿ ಕಸೂತಿ ಹಾಕುವಾಗ ಬಗಲಲ್ಲಿ ಕೂತು ಎಳೆ ಎಣಿಸಿದ ಮೊಮ್ಮಗಳಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ನವಲಗುಂದದ ಜಮಖಾನದ್ದು ಇನ್ನೊಂದು ಬಗೆ. ನಿಂತ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನೇಯುವ ಈ ಹಾಸಿನಲ್ಲಿ ವಿನ್ಯಾಸವೆಲ್ಲ ನೇರ ಗೆರೆ, ಕೋನ, ಪಗಡೆಯ ಮನೆಗಳು. ನವಿಲು ಬಂದರೂ ಮೂಲೆಮೂಲೆಯಾಗಿಯೇ ಬರುತ್ತದೆ. ಸಾಮಗ್ರಿಗೆ ಏನು ಸಾಧ್ಯ ಎಂಬುದರ ಮೇಲೆಯೇ ಚಂದವನ್ನು ಕಟ್ಟಿದ ಕಲೆ ಅದು. ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಚಿತ್ರಗಾರರು ರಾಮಾಯಣ, ಮಹಾಭಾರತ, ಕೃಷ್ಣಲೀಲೆಯ ಪ್ರಸಂಗಗಳನ್ನು ಅರಗಿನ ಬಣ್ಣದಲ್ಲಿ ಹಲಗೆಯಿಂದ ಹಲಗೆಗೆ ಸಾಗಿಸುತ್ತಾರೆ. ನೋಡುವವರು ಸುತ್ತ ಬಂದರೆ ಕಥೆ ಮುಂದುವರಿಯಬೇಕು, ಒಂದೇ ಹಲಗೆ ನೋಡಿದರೂ ಅರ್ಥವಾಗಬೇಕು. ಧಾರವಾಡ ಶಹರದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದ ಮೇಲೆ ಈ ಸೀಮೆಯ ಹಳ್ಳಿಗಳಿಂದ ಬಂದವರು ಶಾಸ್ತ್ರೋಕ್ತವಾಗಿ ಚಿತ್ರ ಕಲಿಯುವುದು ಸಾಧ್ಯವಾಯಿತು. ಇವತ್ತಿನ ಎಷ್ಟೋ ಡ್ರಾಯಿಂಗ್ ಮಾಸ್ತರರ ಗುರುಪರಂಪರೆ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಹಾಗಾದರೆ ವೆಬ್ ಡಿಸೈನರ್ ಮಾಡುವುದೇನು? ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಕಟ್ಟಿದ ಜಗತ್ತಿನ ಮೊದಲ ಜಾಲತಾಣ 1991ರಲ್ಲಿ ಹೊರಜಗತ್ತಿಗೆ ತೆರೆದಾಗ ಅದರಲ್ಲಿ ಬರೀ ಅಕ್ಷರ ಮತ್ತು ಕೊಂಡಿಗಳಿದ್ದವು. ಆಗ ಇದ್ದದ್ದು ಎಚ್‌ಟಿಎಂಎಲ್ ಒಂದೇ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೊಂಡಿ ಎಂದು ಹೇಳುವ ಭಾಷೆ ಅದು. ಅದು ಯಾವ ಬಣ್ಣದಲ್ಲಿ, ಎಷ್ಟು ದೊಡ್ಡದಾಗಿ, ಎಲ್ಲಿ ಕಾಣಬೇಕು ಎಂದು ಹೇಳುವ ಸಿಎಸ್‌ಎಸ್ 1996ರ ಕೊನೆಗೆ ಅಧಿಕೃತವಾಯಿತು. ಈ ಎರಡು ಬೇರೆಯಾದ ದಿನವೇ ವೆಬ್ ಡಿಸೈನ್ ಒಂದು ಪ್ರತ್ಯೇಕ ಕಸುಬಾಯಿತು ಅನ್ನಬಹುದು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. 2010ರಲ್ಲಿ ಈಥನ್ ಮಾರ್ಕಟ್ ಎಂಬ ಡಿಸೈನರ್ ಒಂದು ಲೇಖನ ಬರೆದು, ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ತನ್ನನ್ನು ಹೊಂದಿಸಿಕೊಳ್ಳುವ ‘ರೆಸ್ಪಾನ್ಸಿವ್’ ವಿನ್ಯಾಸದ ಹಾದಿ ತೋರಿಸಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೊದ ಅಗ್ಗದ ಮೊಬೈಲ್ ಇಂಟರ್‌ನೆಟ್ ಬಂದ ಮೇಲೆ ಹಳ್ಳಿಗಳಲ್ಲಿ ಆ ಹಾದಿಯ ಮಹತ್ವ ನಿಜಕ್ಕೂ ಅರ್ಥವಾಯಿತು. ಅಣ್ಣಿಗೇರಿಯ ಎಪಿಎಂಸಿಗೆ ಹೆಸರು, ಕಡಲೆ ಒಯ್ಯುವ ರೈತ ಕಂಪ್ಯೂಟರಿನ ಮುಂದೆ ಕೂಡುವವನಲ್ಲ. ಅವನ ಕೈಲಿರುವುದು ಬಿರುಕು ಬಿಟ್ಟ ಗಾಜಿನ ಮೊಬೈಲು, ಮೇಲೆ ಸುಡುವ ಬಿಸಿಲು. ತೆಳು ಬೂದು ಬಣ್ಣದ ಸಣ್ಣ ಅಕ್ಷರ ಅವನಿಗೆ ಕಾಣುವುದೇ ಇಲ್ಲ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ನಮ್ಮ ಹೊಲದ ಬದುವಿನ ಮೇಲೆ ಒಮ್ಮೆ ನಿಂತು ನೋಡಿದ ಡಿಸೈನರಿಗೆ ಆ ಮಾನದಂಡ ಯಾಕೆ ಬೇಕು ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿ ಸ್ವಲ್ಪ ನಿಂತು ಕನ್ನಡದ ಮಾತು ಆಡಬೇಕು. ನಮ್ಮ ಹಳ್ಳಿಯ ಡಿಸೈನರುಗಳಿಗೆ ಬೆಂಗಳೂರಿನ ದೊಡ್ಡ ಕಂಪನಿಯವರಿಗಿಲ್ಲದ ಬಲವೊಂದು ಇಲ್ಲಿದೆ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆ ಶುರು ಮಾಡಿದಾಗ ಜಾಲದಲ್ಲಿ ಕನ್ನಡ ಓದುವುದೇ ಒಂದು ಸಾಹಸ. ಕನ್ನಡ ಟೈಪಿಸಲು ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆ ಕಾಲದ ತಾಣಗಳಿಗೆ ಹೋದರೆ ಮೊದಲು ಅವರ ಫಾಂಟ್ ಇಳಿಸಿಕೊಳ್ಳಬೇಕು, ಇಲ್ಲವಾದರೆ ಪರದೆಯ ತುಂಬ ಇಂಗ್ಲಿಷಿನ ಗೀಚು. ಎಲ್ಲೆಡೆ ಒಂದೇ ಆಗಿರುವ ಅಕ್ಷರಸಂಕೇತ ಯೂನಿಕೋಡ್ ಆ ತೊಂದರೆ ಕಳೆದರೂ ಅಂಗಡಿಗಳಲ್ಲಿ ಹಳೆಯ ಫಾಂಟುಗಳ ಉಳಿಕೆ ಇನ್ನೂ ಇದೆ. ಗಿರಾಕಿ ಪೆನ್‌ಡ್ರೈವಿನಲ್ಲಿ ತರುವ ಹಳೆಯ ನುಡಿ ಅಕ್ಷರದ ಕಡತವನ್ನು ಹಾಗೆಯೇ ಜಾಲಕ್ಕೆ ಅಂಟಿಸಿದರೆ ಮತ್ತದೇ ಗೀಚು. ಅದನ್ನು ಯೂನಿಕೋಡಿಗೆ ತಿರುಗಿಸಿ, ತಿರುಗಿಸುವಾಗ ಕೆಟ್ಟ ಅರ್ಕಾವತ್ತು, ರಕಾರ, ಒತ್ತುಗಳನ್ನು ಒಂದೊಂದಾಗಿ ತಿದ್ದಬೇಕು. ಈ ತಿದ್ದುವಿಕೆಗೆ ಕನ್ನಡ ಬಲ್ಲ ಕಣ್ಣೇ ಬೇಕು.

ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ತುಂಬಿದರೆ ಏನಾಗುತ್ತದೆ ನೋಡಿ. ‘ರಾಷ್ಟ್ರ’ ಎಂದು ಬರೆದರೆ ಎರಡು ಒತ್ತು ಕೆಳಗಿಳಿಯುತ್ತವೆ. ಸಾಲಿನ ನಡುವಿನ ಜಾಗ ಇಂಗ್ಲಿಷಿನ ಅಳತೆಯಲ್ಲೇ ಇದ್ದರೆ ಆ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಜಾಗ ಕೊಟ್ಟರೇ ಕನ್ನಡ ಉಸಿರಾಡುತ್ತದೆ. ಶೀರ್ಷಿಕೆ ಚಂದ ಕಾಣಲೆಂದು ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಇಂಗ್ಲಿಷ್ ಪದ್ಧತಿ ನಮ್ಮಲ್ಲಿ ಗುಣಿತವನ್ನೇ ಕೆಡಿಸುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ನಮಗಿಲ್ಲ, ಆದ್ದರಿಂದ ಒತ್ತು ಕೊಡಬೇಕಾದ ಕಡೆ ಗಾತ್ರ ಮತ್ತು ಬಣ್ಣವನ್ನೇ ನಂಬಬೇಕು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಅಕ್ಷರದ ಗುಂಡಿಯ ಮೇಲೆ ‘ನೋಂದಾಯಿಸಿಕೊಳ್ಳಿ’ ಬಂದರೆ ಪದ ಗುಂಡಿಯಾಚೆ ಚೆಲ್ಲುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಟೈಪ್ ವಿಭಾಗದ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿಕೊಳ್ಳದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಎಷ್ಟೋ ಅಂಗಡಿಗಳು ಈ ಒಂದು ಕಾರಣಕ್ಕೆ ಯೂನಿಕೋಡನ್ನೇ ಬಿಟ್ಟು ಹಳೆಯ ಅಕ್ಷರಗಳಿಗೆ ಜೋತುಬಿದ್ದಿವೆ. ಈಗ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಟೈರೊ ಕನ್ನಡ ಎಲ್ಲ ಉಚಿತವಾಗಿ ಸಿಗುತ್ತವೆ. ‘ಹುಬ್ಬಳ್ಳಿ’ ಎಂಬ ಹೆಸರಿನ ಅಕ್ಷರವೇ ಅಲ್ಲೊಂದಿದೆ. ಒಳ್ಳೆಯ ಕನ್ನಡ ಪುಟ ಕಟ್ಟಲಾರದಿದ್ದರೆ ಇನ್ನು ಅಕ್ಷರದ ಮೇಲೆ ತಪ್ಪು ಹೊರಿಸುವಂತಿಲ್ಲ.

ಕಲಿಯುವ ದಾರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಈಗ ಬೇಕಾದಷ್ಟಿವೆ. ಐಟಿಐಯಲ್ಲಿ ಕೋಪಾ ಎಂಬ ಒಂದು ವರ್ಷದ ಟ್ರೇಡ್ ಇದೆ, ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ನ ಪರಿಚಯ ಅದರಲ್ಲೇ ಆಗುತ್ತದೆ. ಡಿಪ್ಲೊಮಾ ಇದೆ, ಬಿಸಿಎ ಇದೆ, ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನಂಥ ಕಡೆ ಕೌಶಲ ತರಬೇತಿ ಇದೆ. ಜಾಲದಲ್ಲಿ ಡಬ್ಲ್ಯೂ3ಸ್ಕೂಲ್ಸ್, ಫ್ರೀಕೋಡ್‌ಕ್ಯಾಂಪ್ ಪುಕ್ಕಟೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರ್ ಆಗಬಹುದು, ಅದು ಚಾಲೂ ಇದ್ದರೆ. ಉಪಕರಣಗಳ ಬೆನ್ನು ಹತ್ತುವವರಿಗೆ ಒಂದೇ ಎಚ್ಚರಿಕೆ: ಫ್ಲಾಶ್ ಕಲಿತು ಅದರಲ್ಲೇ ಹೊಟ್ಟೆ ಹೊರೆದವರ ಕಸುಬು 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದನ್ನು ನಿಲ್ಲಿಸಿದಾಗ ಮುಗಿಯಿತು. ಪೇಜ್‌ಮೇಕರ್ ಹೋಯಿತು, ಈಗ ಫಿಗ್ಮಾ ಇದೆ, ನಾಳೆ ಇನ್ನೊಂದು.

ಆದರೆ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಕಲಿತ ಕೂಡಲೇ ಸ್ವಂತ ಕೆಲಸಕ್ಕೆ ಇಳಿಯಬಾರದು. ಎರಡು ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿಯಬೇಕು, ಹುಬ್ಬಳ್ಳಿಯ ಸಣ್ಣ ಏಜೆನ್ಸಿಯೇ ಆಗಲಿ, ಬೆಂಗಳೂರಿನ ಕಂಪನಿಯೇ ಆಗಲಿ. ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರ ಮುಂದೆ ಕೂತು ಸಂಗೀತ ಕಲಿತರು. ಇಂದು ಕುಂದಗೋಳದ ಮಕ್ಕಳು ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ ಹೋಗಿ ಬರುತ್ತಾರೆ. ಎದುರಿಗೆ ಕೂತವರು ತಪ್ಪು ಹಿಡಿದು ತಿದ್ದುವುದಕ್ಕೆ ಬದಲಿ ಇಲ್ಲ. ಯೂಟ್ಯೂಬ್ ಕಲಿಸುತ್ತದೆ, ತಿದ್ದುವುದಿಲ್ಲ. ನೌಕರಿಯಲ್ಲಿ ಕಲಿಯುವುದು ಬರೀ ಡಿಸೈನ್ ಅಲ್ಲ. ಒಂದೇ ಕಡತದ ಮೇಲೆ ನಾಲ್ಕು ಜನ ಕೈಯಾಡಿಸುವಾಗ ಹಳೆಯ ಪ್ರತಿ ಕಳೆಯದಂತೆ ಕಾಪಾಡುವುದು, ಗಿರಾಕಿಗೆ ಇಮೇಲ್ ಬರೆಯುವುದು, ‘ಆಗಲ್ಲ’ ಎಂಬುದನ್ನು ಮರ್ಯಾದೆಯಿಂದ ಹೇಳುವುದು, ಒಂದು ಕೆಲಸಕ್ಕೆ ನಿಜವಾಗಿ ಎಷ್ಟು ತಾಸು ಹಿಡಿಯುತ್ತದೆ ಎಂದು ಅಂದಾಜು ಮಾಡುವುದು. ಈ ಅಂದಾಜೇ ಮುಂದೆ ದರವಾಗುತ್ತದೆ. 2020ರಲ್ಲಿ ಕೊರೊನಾ ಬಂದು ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದವರು ನವಲಗುಂದದ ಮಾಳಿಗೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡಿದ್ದನ್ನು ಊರೇ ನೋಡಿತು. ಸ್ವಂತ ಊರಿನಿಂದ ಈ ಕೆಲಸ ಆಗುತ್ತದೆ ಎಂದು ಹಿರಿಯರು ನಂಬಿದ್ದು ಆಗಲೇ.

ಸ್ವಂತ ಕೆಲಸ ಅಂದಾಗ ಮಕ್ಕಳ ಕಣ್ಣು ಮೊದಲು ಹೋಗುವುದು ಹೊರದೇಶದ ಗಿರಾಕಿಗಳ ಕಡೆ. ಅಪ್‌ವರ್ಕ್, ಫ್ರೀಲಾನ್ಸರ್‌ನಂಥ ತಾಣಗಳಲ್ಲಿ ಖಾತೆ ತೆರೆದು ಬಿಡ್ ಹಾಕುತ್ತಾರೆ. ಅಲ್ಲಿ ಮೊದಲ ಕೆಲಸ ಸಿಗುವುದೇ ಕಷ್ಟ. ಜಗತ್ತಿನ ಎಲ್ಲ ಮೂಲೆಯವರೂ ಕಡಿಮೆ ದರಕ್ಕೆ ಕೈಚಾಚಿ ನಿಂತಿರುತ್ತಾರೆ, ಜೊತೆಗೆ ತಾಣದವರೂ ಗಳಿಕೆಯಲ್ಲಿ ಪಾಲು ಕಡಿಯುತ್ತಾರೆ. ಕೆಲಸ ಕೊಡುವ ಮೊದಲೇ ‘ನೋಂದಣಿ ಶುಲ್ಕ’ ಕೇಳುವವರು, ಟೆಲಿಗ್ರಾಮಿನಲ್ಲಿ ‘ಟಾಸ್ಕ್’ ಕೊಡುವವರು ಮೋಸಗಾರರೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲ ಹತ್ತು ಗಿರಾಕಿಗಳು ನಮ್ಮ ಸುತ್ತಲೇ ಇದ್ದಾರೆ. ಬೀಜ ಗೊಬ್ಬರದ ಅಂಗಡಿ, ಖಾಸಗಿ ಶಾಲೆ, ದಂತವೈದ್ಯರು, ಕಲ್ಯಾಣ ಮಂಟಪ, ಮಠ, ಒಣಮೆಣಸಿನಕಾಯಿ ವ್ಯಾಪಾರಿ, ರೈತ ಉತ್ಪಾದಕ ಕಂಪನಿ. ಇವರ ಹತ್ತಿರ ಮುಖ ನೋಡಿ ಮಾತಾಡಬಹುದು, ನಂಬಿಕೆಯೂ ಬೇಗ ಹುಟ್ಟುತ್ತದೆ. ತೊಂದರೆಯೂ ಅಲ್ಲೇ ಇದೆ. ಪರಿಚಯದವರ ಹತ್ತಿರ ರೊಕ್ಕ ಕೇಳಲು ನಾಲಿಗೆ ಏಳುವುದಿಲ್ಲ. ‘ನಮ್ಮ ಹುಡುಗ ಅದಾನ, ಮಾಡಿಕೊಡ್ತಾನ’ ಎಂದು ಅವರು, ‘ಕಾಕಾರಿಗೆ ಏನು ಕೇಳೋದು’ ಎಂದು ಇವನು. ಹೀಗೆ ಎಷ್ಟು ಒಳ್ಳೆಯ ಕೆಲಸಗಳು ಪುಕ್ಕಟೆಯಾಗಿ ಹೋಗಿವೆಯೋ.

ಆದ್ದರಿಂದ ವ್ಯವಹಾರದ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೆಲಸ ಹಿಡಿಯುವ ಮೊದಲು ಒಂದು ಹಾಳೆ ಬರೆಯಿರಿ: ಎಷ್ಟು ಪುಟ, ಬರಹ ಮತ್ತು ಫೋಟೋ ಯಾರು ಕೊಡುತ್ತಾರೆ, ಎಷ್ಟು ಸಲ ತಿದ್ದಿಕೊಡುತ್ತೀರಿ, ಯಾವ ದಿನಕ್ಕೆ ಮುಗಿಯುತ್ತದೆ, ಒಟ್ಟು ಎಷ್ಟು. ಅರ್ಧ ರೊಕ್ಕ ಮುಂಗಡ. ತಾಣದ ಹೆಸರನ್ನು, ಅಂದರೆ ಡೊಮೇನನ್ನು, ಗಿರಾಕಿಯ ಹೆಸರಿನಲ್ಲೇ, ಅವರ ಇಮೇಲಿನಲ್ಲೇ ನೋಂದಾಯಿಸಬೇಕು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಡೊಮೇನ್ ತನ್ನ ಹೆಸರಲ್ಲಿಟ್ಟುಕೊಂಡು ಬಾಕಿಗಾಗಿ ಗಿರಾಕಿಯನ್ನು ಹಿಡಿದುಹಾಕುವ ಡಿಸೈನರನೂ ಇದ್ದಾನೆ, ಡಿಸೈನರ್ ಫೋನ್ ಎತ್ತದೆ ಹೋದಾಗ ವರ್ಷಗಳ ತಾಣ ಕಳೆದುಕೊಂಡ ಶಾಲೆಗಳೂ ಇವೆ. ಎರಡರಿಂದಲೂ ಇಡೀ ಕಸುಬಿನ ಮೇಲಿನ ನಂಬಿಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಡೊಮೇನ್ ನವೀಕರಣ, ಪ್ರತಿ ತಿಂಗಳು ಬೆಲೆಪಟ್ಟಿ ಬದಲಿಸುವುದು, ತಾಣ ಕೆಡದಂತೆ ನೋಡಿಕೊಳ್ಳುವುದು, ಇವಕ್ಕೆ ಬೇರೆ ವಾರ್ಷಿಕ ದರ ಇಡಬೇಕು. ಹೊಸ ತಾಣ ಯಾವಾಗಲೋ ಒಮ್ಮೆ ಬರುವ ಆದಾಯ, ಮನೆ ನಡೆಸುವುದು ಈ ಉಸ್ತುವಾರಿಯ ರೊಕ್ಕ. ನಮ್ಮ ಭಾಗದ ವ್ಯಾಪಾರಿಗಳ ಕೈಯಲ್ಲಿ ರೊಕ್ಕ ಆಡುವುದು ಸುಗ್ಗಿಯ ಮೇಲೆ. ಮುಂಗಾರಿನ ಹೆಸರು ಬಂದಾಗ, ಹಿಂಗಾರಿನ ಕಡಲೆ ಬಂದಾಗ ನವೀಕರಣದ ತಾರೀಖು ಇಟ್ಟರೆ ಇಬ್ಬರಿಗೂ ಹಗುರ.

ಕಾನೂನಿನ ಬೆಂಬಲವೂ ಇದೆ, ಕೇಳುವವರು ಕಡಿಮೆ. ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ನೋಂದಾಯಿಸಿಕೊಂಡ ಸಣ್ಣ ಉದ್ಯಮಿಗೆ, ಬರವಣಿಗೆಯ ಒಪ್ಪಂದ ಇದ್ದರೂ ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿಯ ಒಳಗಿದ್ದರೆ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಕಂಪನಿಗಳು ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಕಡಿದು ಕೊಡುತ್ತವೆ. ರಿಟರ್ನ್ ಸಲ್ಲಿಸಿದರೆ, ತೆರಿಗೆ ಅಷ್ಟು ಬರದಿದ್ದಲ್ಲಿ ಆ ಹಣ ಮರಳಿ ಬರುತ್ತದೆ. ಸಲ್ಲಿಸದೆ ಬಿಟ್ಟು ಕಳೆದುಕೊಳ್ಳುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಕೂಡ ಈ ರಿಟರ್ನೇ ಸಂಬಳದ ಚೀಟಿಯ ಜಾಗದಲ್ಲಿ ನಿಲ್ಲುತ್ತದೆ. ಪಗಾರ ಯಾರು ಕೊಡ್ತಾರ ಎಂದು ಕೇಳಿದ ಅಪ್ಪನಿಗೆ ತೋರಿಸಬೇಕಾದ ಕಾಗದವೂ ಅದೇ.

ಎಐ ಬಂದ ಮೇಲೆ ಈ ಕಸುಬು ಉಳಿಯುತ್ತದೆಯೇ ಎಂದು ಕೇಳುವವರು ಬಹಳ. 2003ರಲ್ಲಿ ವರ್ಡ್‌ಪ್ರೆಸ್ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು, ಆದರೆ ಈ ಸಲದ ಹೊಡೆತ ದೊಡ್ಡದು. 2022ರ ಕೊನೆಯಿಂದೀಚೆಗೆ ನಾಲ್ಕು ಸಾಲು ಹೇಳಿದರೆ ಪುಟದ ಕೋಡ್ ಸಿದ್ಧವಾಗುತ್ತಿದೆ. ಟೆಂಪ್ಲೇಟಿಗೆ ಹೆಸರು ಬದಲಿಸಿ ಮಾರುತ್ತಿದ್ದವರ ಕೆಲಸ ಹೋಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕುಂದಗೋಳದ ಮೆಣಸಿನಕಾಯಿ ವ್ಯಾಪಾರಿಯ ಎದುರು ಕೂತು, ನಿಮ್ಮ ಮಾಲು ಬ್ಯಾಡಗಿ ಡಬ್ಬಿಯೋ ಕಡ್ಡಿಯೋ, ಕೊಳ್ಳುವವರು ಮೊದಲು ಏನು ಕೇಳುತ್ತಾರೆ, ಬಣ್ಣವೋ ಖಾರವೋ ಎಂದು ಕೇಳಿ ತಿಳಿಯುವುದು, ಅದರಲ್ಲಿ ಯಾವುದನ್ನು ಪುಟದ ಮೇಲ್ತುದಿಗೆ ಇಡಬೇಕೆಂದು ತೀರ್ಮಾನಿಸುವುದು ಮನುಷ್ಯರ ಕೆಲಸವಾಗಿಯೇ ಉಳಿದಿದೆ. ಚಿತ್ರ ಮಾಡುವ ಎಐ ಉಪಕರಣಗಳು ಕನ್ನಡ ಅಕ್ಷರಗಳನ್ನು ಇನ್ನೂ ಆಗಾಗ ಕೆಡಿಸುತ್ತವೆ, ಕೆಟ್ಟದ್ದು ಅವಕ್ಕೆ ಗೊತ್ತಾಗುವುದಿಲ್ಲ.

ಈಗ ಜಮಖಾನದ ನೋವಿನ ಮಾತು. ನವಲಗುಂದದಲ್ಲಿ ಜಮಖಾನ ನೇಯುವವರು ಹೆಣ್ಣುಮಕ್ಕಳೇ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿಗೆ ಬಂದ ಕುಟುಂಬಗಳ ವಿದ್ಯೆ ಇದು ಎಂದು ಊರವರು ಹೇಳುತ್ತಾರೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೂ ನೇಯುವ ಮನೆಗಳು ಕರಗುತ್ತ ಬಂದು ಬೆರಳೆಣಿಕೆಯಷ್ಟೇ ಉಳಿದಿವೆ. ಕೈ ಸೋತದ್ದಕ್ಕೆ ಅಲ್ಲ. ಒಂದು ಜಮಖಾನಕ್ಕೆ ಹಿಡಿಯುವ ದಿನಗಳ ಕೂಲಿ ಅದರ ದರದಲ್ಲಿ ಹುಟ್ಟಲಿಲ್ಲ, ಕೊಳ್ಳುವವರಿಗೂ ನೇಯುವವರಿಗೂ ನೇರ ಸಂಪರ್ಕ ಇರಲಿಲ್ಲ, ಮಗ್ಗದ ಜಮಖಾನಕ್ಕೂ ಯಂತ್ರದ ಹಾಸಿಗೂ ಏನು ವ್ಯತ್ಯಾಸ ಎಂದು ದೂರದ ಗಿರಾಕಿಗೆ ಹೇಳುವವರಿರಲಿಲ್ಲ. ಅದೇ ಊರಿನ ವೆಬ್ ಡಿಸೈನರ್ ಹುಡುಗಿ ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ‘ಹೊತ್ತು ಹೋಗಲಿ ಅಂತ ಮಾಡ್ತಾಳ’ ಎಂಬ ಬೆಲೆ ಕಟ್ಟಿದರೆ ಅವಳ ಕೈಯೂ ಹಾಗೇ ಸುಮ್ಮನಾಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೂ ಜೊತೆಗೆ ಒಯ್ಯಬಹುದಾದ ಕೆಲವೇ ದುಡಿಮೆಗಳಲ್ಲಿ ಇದೊಂದು. ಅವಳಿಗೊಂದು ಕೋಣೆ, ಬಾಗಿಲು ಹಾಕಿಕೊಳ್ಳುವ ನಾಲ್ಕು ತಾಸು, ಕರೆಂಟು ಹೋದಾಗ ಒಂದು ಇನ್ವರ್ಟರ್, ಅವಳದೇ ಹೆಸರಿನ ಬ್ಯಾಂಕ್ ಖಾತೆ. ಇಷ್ಟನ್ನು ಮನೆಯವರು ಮಾಡಿಕೊಡಬೇಕು.

ಕೆಲಸ ಎಲ್ಲಿದೆ ಎಂದು ಹುಡುಕುವವರಿಗೆ ಕಲಘಟಗಿಯಿಂದ ಒಂದು ಉದಾಹರಣೆ ಕೊಡುತ್ತೇನೆ. ಬಾಣಂತನದ ಹೊತ್ತಿಗೆ ತವರುಮನೆಯವರು ಬಣ್ಣದ ತೊಟ್ಟಿಲು ಹುಡುಕುತ್ತಾರೆ, ದೂರದೂರದವರು ಯಾರದೋ ಫೋನ್ ನಂಬರ್ ಯಾರಿಂದಲೋ ಪಡೆದು ವಿಚಾರಿಸುತ್ತಾರೆ. ಚಿತ್ರಗಾರರ ಮನೆಗೊಂದು ಪುಟ ಬೇಕು. ಹಗಲಿನ ಬೆಳಕಿನಲ್ಲಿ ತೆಗೆದ ಫೋಟೋ, ಪ್ರತಿ ಹಲಗೆ ಬೇರೆಯಾಗಿ. ಯಾವ ಹಲಗೆಯಲ್ಲಿ ಯಾವ ಪ್ರಸಂಗ ಎಂಬ ಎರಡು ಸಾಲು. ಕಟ್ಟಿಗೆ ಯಾವುದು, ಉದ್ದ ಅಗಲ ಎಷ್ಟು, ಬಿಚ್ಚಿ ಜೋಡಿಸಬಹುದೇ, ಮಾಡಲು ಎಷ್ಟು ವಾರ ಹಿಡಿಯುತ್ತದೆ, ಮುಂಗಡ ಎಷ್ಟು, ಸಾಗಿಸುವ ಖರ್ಚು ಯಾರದು. ವಾಟ್ಸಾಪಿಗೆ ಹೋಗುವ ಒಂದು ದೊಡ್ಡ ಗುಂಡಿ. ಕನ್ನಡದಲ್ಲಿ, ಜೊತೆಗೆ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಕೆಲಸ ಬಲ್ಲ ಡಿಸೈನರ್ ಇದನ್ನು ಎರಡು ವಾರದಲ್ಲಿ ಕಟ್ಟಿಕೊಡಬಹುದು, ಡೊಮೇನ್ ಚಿತ್ರಗಾರರ ಹೆಸರಿಗೇ ಬರೆಸಿ. ಸಂಭಾವನೆಯಾಗಿ ಒಂದಿಷ್ಟು ರೊಕ್ಕ, ಆಮೇಲೆ ಪುಟದಿಂದ ಬಂದ ಪ್ರತಿ ತೊಟ್ಟಿಲಿನ ಮೇಲೆ ಇಷ್ಟು ಪಾಲು ಎಂದು ಇಬ್ಬರೂ ಕೂತು ಹಾಳೆಯ ಮೇಲೆ ಬರೆದುಕೊಳ್ಳಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರದವರಾಗಲಿ, ಊರಿನ ಸಹಕಾರಿ ಬ್ಯಾಂಕಿನವರಾಗಲಿ ಮೊದಲ ವರ್ಷದ ಈ ಖರ್ಚನ್ನು ಹೊತ್ತುಕೊಂಡರೆ ಕಲಘಟಗಿಯಲ್ಲಿ ಇಂಥ ಪುಟಗಳ ಕೆಲಸ ಬರುವ ದಸರೆಯೊಳಗೇ ಶುರುವಾಗಬಹುದು.